ಹಳೆಯ ಹೈ-ಫೈ ಸ್ಪೀಕರ್ ಕೊಳ್ಳುವುದು ಹೇಗೆ: ಮೊದಲು ಡ್ರೈವರ್, ಆಮೇಲೆ ಕ್ರಾಸ್‌ಓವರ್

ನಲವತ್ತು-ಐವತ್ತು ವರ್ಷ ಹಳೆಯ ಸ್ಪೀಕರ್ ಜೋಡಿಗೆ ಕೊಡುವ ದುಡ್ಡು ನಿಜವಾಗಿ ಹೋಗುವುದು ಅದರ ಡ್ರೈವರ್‌ಗಳಿಗೆ, ಅಂದರೆ ದಪ್ಪ ದನಿಯ ವೂಫರ್, ನಡುದನಿಯ ಮಿಡ್‌ರೇಂಜ್, ತೆಳು ದನಿಯ ಟ್ವೀಟರ್‌ಗಳಿಗೆ. ಸಿಗ್ನಲನ್ನು ಡ್ರೈವರ್‌ಗಳಿಗೆ ಹಂಚುವ ಬೋರ್ಡು, ಅಂದರೆ ಕ್ರಾಸ್‌ಓವರಿನ ಕೆಪಾಸಿಟರ್ ಸತ್ತಿದ್ದರೆ ಅದು ಒಂದು ಸಂಜೆಯ ಕೆಲಸ, ಕೆಲವು ನೂರು ರೂಪಾಯಿಯಿಂದ ಹಿಡಿದು ಕೆಲವು ಸಾವಿರದೊಳಗೆ ಮುಗಿಯುತ್ತದೆ. ಆದರೆ ಯಮಹಾ ಎನ್‌ಎಸ್-1000ಎಂನ ಬೆರಿಲಿಯಂ ಡೋಮ್ (ದನಿ ಹೊರಡಿಸುವ ಗುಮ್ಮಟದಂಥ ತೆಳು ಪೊರೆ) ಒಡೆದಿದ್ದರೆ, ಕೆಇಎಫ್ ಟಿ27 ಟ್ವೀಟರಿನ ಕಾಯಿಲ್ ಸುಟ್ಟಿದ್ದರೆ, ಇನ್ನೊಂದು ಹಳೆಯ ಜೋಡಿಯನ್ನು ಯಾರೋ ಬಿಚ್ಚುವವರೆಗೂ ಕಾಯಬೇಕು. ಅದಕ್ಕೇ ಮಾರುವವರ ಮನೆಯಲ್ಲಿ ಕಣ್ಣು, ಕೈ, ಕಿವಿ ಮೂರೂ ಮೊದಲು ಡ್ರೈವರ್ ಮೇಲಿರಲಿ. ಕ್ರಾಸ್‌ಓವರನ್ನು ಮನೆಗೆ ತಂದ ಮೇಲೆ ನಿಧಾನವಾಗಿ ನೋಡಿದರಾಯಿತು.

ಇಲ್ಲಿ ಹೇಳುವ ಪರೀಕ್ಷೆಗಳು ಸೊನೊಡೈನ್, ಕಾಸ್ಮಿಕ್, ಫಿಲಿಪ್ಸ್ ಜೋಡಿಗೂ ಸರಿ; ಅಮೆರಿಕ, ಇಂಗ್ಲೆಂಡ್, ಗಲ್ಫ್‌ನಿಂದ ಮರಳಿದವರು ಹೊತ್ತು ತಂದ ಎಆರ್ (ಅಕೂಸ್ಟಿಕ್ ರಿಸರ್ಚ್), ಜೆಬಿಎಲ್, ಸೆಲೆಷನ್, ಸ್ಪೆಂಡರ್‌ಗೂ ಸರಿ. ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಸ್ಪೀಕರ್ ಆದರೆ ಮಾತ್ರ 110 ವೋಲ್ಟೋ 230 ವೋಲ್ಟೋ ನೋಡಬೇಕು. ಮಾಮೂಲಿ ಪ್ಯಾಸಿವ್ ಸ್ಪೀಕರಿಗೆ ಕರೆಂಟಿನ ತಂಟೆಯಿಲ್ಲ, ಯಾವ ದೇಶದ್ದಾದರೂ ನಡೆಯುತ್ತದೆ. ಕ್ವಾಡ್‌ನಂಥ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರುಗಳು ಈ ಬರಹದ ವ್ಯಾಪ್ತಿಗೆ ಬರುವುದಿಲ್ಲ. ಅವುಗಳ ಒಳಗೆ ಸಾವಿರಾರು ವೋಲ್ಟ್ ಇರುತ್ತದೆ, ಗೊತ್ತಿಲ್ಲದೆ ಬಿಚ್ಚಬಾರದು.

ಹೊರಡುವ ಮುಂಚೆ

ಮಾರುವವರಿಂದ ನಾಲ್ಕು ಫೋಟೋ ಕೇಳಿ: ಮುಂದಿನ ಜಾಲರಿ ತೆಗೆದ ಪೂರ್ತಿ ಮುಖ, ವೂಫರ್ ಅಂಚಿನ ಹತ್ತಿರದ ಚಿತ್ರ, ಹಿಂದಿನ ಲೇಬಲ್ ಮತ್ತು ಸೀರಿಯಲ್ ನಂಬರ್, ವೈರ್ ಸಿಕ್ಕಿಸುವ ಟರ್ಮಿನಲ್. ಜಾಲರಿ ತೆಗೆಯಲು ಬರುವುದಿಲ್ಲ ಎನ್ನುವ ಮಾತನ್ನು ಸುಲಭಕ್ಕೆ ಒಪ್ಪಬೇಡಿ. ಕೆಲವು ಮಾಡೆಲ್‌ಗಳಲ್ಲಿ ಜಾಲರಿಯನ್ನು ಅಂಟಿಸಿರುತ್ತಾರೆ ನಿಜ, ಆದರೆ ಬಹುಪಾಲು ವೆಲ್ಕ್ರೋ ಅಥವಾ ಗೂಟದ ಮೇಲೆ ನಿಂತಿರುತ್ತದೆ. ಸೀರಿಯಲ್ ನಂಬರ್ ಎರಡೂ ಹತ್ತಿರಹತ್ತಿರ ಇದ್ದರೆ ಒಳ್ಳೆಯದು. ಬಿಬಿಸಿ ವಿನ್ಯಾಸದ ಎಲ್‌ಎಸ್3/5ಎ ವಿಷಯದಲ್ಲಂತೂ ಇದು ಕಡ್ಡಾಯ. ಅದರ ಮೊದಲಿನದು 15 ಓಮ್, 1980ರ ದಶಕದ ಕೊನೆಯಲ್ಲಿ ಬಂದದ್ದು 11 ಓಮ್, ಎರಡರ ಕ್ರಾಸ್‌ಓವರೂ ಬೇರೆ. ಒಂದೊಂದು ಸೇರಿಸಿ ಮಾಡಿದ ಜೋಡಿ ಜೋಡಿಯಲ್ಲ.

ಕೈಯಲ್ಲಿರಬೇಕಾದ್ದು: ಟಾರ್ಚ್, ಮಲ್ಟಿಮೀಟರ್, ಒಂದು 1.5 ವೋಲ್ಟ್ ಎಎ ಸೆಲ್ ಮತ್ತು ಎರಡು ತುಂಡು ವೈರ್, ಸ್ಕ್ರೂಡ್ರೈವರ್ ಮತ್ತು ಅಲೆನ್ ಕೀ, ಟೇಪು, ಸುಮಾರು ಒಂದಡಿ ಉದ್ದದ ರಟ್ಟಿನ ಕೊಳವೆ. ಫೋನಿನಲ್ಲಿ ಟೋನ್ ಜನರೇಟರ್ ಆಪ್, ಪಿಂಕ್ ನಾಯ್ಸ್ (ಎಲ್ಲ ಆವರ್ತನವೂ ಬೆರೆತ ಶೋ ಎನ್ನುವ ಸದ್ದು) ಫೈಲ್ ಮತ್ತು ನೀವು ಬಾಯಿಪಾಠ ಬರುವಷ್ಟು ಕೇಳಿರುವ ಎರಡು ಹಾಡು. ಸಾಧ್ಯವಿದ್ದರೆ ನಿಮ್ಮದೇ ಸಣ್ಣ ಆಂಪ್ ಒಯ್ಯಿರಿ. ಮಾರುವವರ ಆಂಪಿನ ಟ್ರೆಬಲ್ ಗುಂಡಿ ಪೂರ್ತಿ ಮೇಲಿದ್ದರೆ ಮಂಕಾದ ಟ್ವೀಟರೂ ಚೆನ್ನಾಗಿ ಕೇಳುತ್ತದೆ.

ಕಣ್ಣಿನಿಂದ, ಕೈಯಿಂದ

ಡ್ರೈವರ್ ಸ್ಕ್ರೂಗಳ ತಲೆ ನೋಡಿ. ಗೀರು, ಸವೆತ ಇದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿದ್ದೇ ತಪ್ಪಲ್ಲ, ಏಕೆ ಬಿಚ್ಚಿದಿರಿ ಎಂದು ಕೇಳಲು ಅದೊಂದು ಕಾರಣ. ಎಡ-ಬಲದ ಡ್ರೈವರ್ ಒಂದೇ ಥರ ಇದೆಯೇ ಎಂದು ಹೋಲಿಸಿ: ಡಸ್ಟ್ ಕ್ಯಾಪಿನ (ಕೋನಿನ ನಡುವಿನ ದುಂಡು ಮುಚ್ಚಳ) ಗಾತ್ರ, ಕೋನಿನ ಬಣ್ಣ, ಟ್ವೀಟರಿನ ಮುಖಫಲಕ. ಒಂದು ಟ್ವೀಟರ್ ಬದಲಾಗಿದ್ದರೆ, ಅದು ಎಷ್ಟೇ ಒಳ್ಳೆಯ ಟ್ವೀಟರ್ ಆಗಿರಲಿ, ಆ ಜೋಡಿ ಬೇಡ. ಏಕೆ ಎಂಬುದು ಕ್ರಾಸ್‌ಓವರ್ ಬಗ್ಗೆ ಹೇಳುವಾಗ ತಿಳಿಯುತ್ತದೆ.

ಪೆಟ್ಟಿಗೆಯ ತಳ ಮತ್ತು ಹಿಂದಿನ ಮೂಲೆಗಳಿಗೆ ಟಾರ್ಚ್ ಬಿಡಿ. ನಮ್ಮ ಮಳೆಗಾಲದಲ್ಲಿ ನೆಲಕ್ಕೆ ತಾಗಿಸಿಟ್ಟ ಪಾರ್ಟಿಕಲ್ ಬೋರ್ಡ್ ನೀರು ಹೀರಿ ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಗೆದ್ದಲಿನ ಮಣ್ಣಿನ ಗೆರೆ, ಸಣ್ಣ ತೂತು, ಬೆರಳಿಂದ ತಟ್ಟಿದಾಗ ಟೊಳ್ಳು ಸದ್ದು ಇದ್ದರೆ ಕೈಮುಗಿದು ಹೊರಟುಬಿಡಿ. ವೆನಿಯರ್ ಎದ್ದದ್ದು, ಮೂಲೆ ಚೂರಾದದ್ದು ಸರಿಪಡಿಸಬಹುದಾದವು; ಬೆಲೆ ಇಳಿಸಲು ಉಪಯೋಗಕ್ಕೆ ಬರುತ್ತವೆ.

ಇನ್ನು ಸರೌಂಡ್, ಅಂದರೆ ಕೋನಿನ ಹೊರ ಅಂಚನ್ನು ಲೋಹದ ಚೌಕಟ್ಟಿಗೆ ಸೇರಿಸುವ ಮೆತ್ತನೆಯ ಬಳೆ. ಹಳೆಯ ಸ್ಪೀಕರಿನಲ್ಲಿ ಮೊದಲು ಸಾಯುವುದು ಇದೇ, ಅದೂ ಫೋಮ್ ಆಗಿದ್ದರೆ. ಪಾಲಿಯುರೆಥೇನ್ ಫೋಮನ್ನು ಗಾಳಿಯ ತೇವವೇ ನಿಧಾನವಾಗಿ ಒಡೆಯುತ್ತದೆ. 15-20 ವರ್ಷದಲ್ಲಿ ಪುಡಿಯಾಗುವುದು ಸಾಮಾನ್ಯ, ಕರಾವಳಿಯ ಸೆಕೆಯಲ್ಲಿ ಇನ್ನೂ ಬೇಗ. ಬೆರಳ ತುದಿಯಿಂದ ಒಂದು ಕಡೆ ಹಗುರವಾಗಿ ಮುಟ್ಟಿ. ಅಂಟಂಟಾಗಿದ್ದರೆ, ಬೆರಳಿಗೆ ಕಂದು ಪುಡಿ ಬಂದರೆ, ಆ ಫೋಮ್ ಇವತ್ತು ನಿಂತಿದ್ದರೂ ಜೋರಾಗಿ ಹಾಕಿದ ಮೊದಲ ಹಾಡಿಗೆ ಹರಿಯುತ್ತದೆ. ಲಾರ್ಜ್ ಅಡ್ವೆಂಟ್, ಎಆರ್-3ಎ, ಜೆಬಿಎಲ್‌ನ 2231ಎ ವೂಫರ್ ಇವೆಲ್ಲ ಫೋಮಿನವು. ಜೆಬಿಎಲ್ ಎಲ್100ರ ವೂಫರಿಗೆ, ಮೊದಲಿನ ಎಆರ್-3ರ ವೂಫರಿಗೆ ಬಟ್ಟೆಯ ಸರೌಂಡ್, ಅವು ಕೊಳೆಯುವುದಿಲ್ಲ. ಬ್ರಿಟಿಷ್ ಸ್ಪೀಕರುಗಳಲ್ಲಿ ರಬ್ಬರ್ ಅಥವಾ ಪಿವಿಸಿ ಹೆಚ್ಚು. ಇವು ಬಾಳುತ್ತವೆ, ಆದರೆ ಕೆಲವೊಮ್ಮೆ ಗಟ್ಟಿಯಾಗಿರುತ್ತವೆ.

ಫೋಮ್ ಹೋಗಿದೆ ಎಂಬ ಒಂದೇ ಕಾರಣಕ್ಕೆ ಬಿಟ್ಟು ಬರಬೇಡಿ. ಫೋಮ್ ಬದಲಾಯಿಸುವುದು ಕಲಿಯಬಹುದಾದ ಕೆಲಸ, ಕಿಟ್ ಸಿಗುತ್ತದೆ, ಮಾರುವವರು ಬೆಲೆಯನ್ನೂ ಇಳಿಸುತ್ತಾರೆ. ಆದರೆ ಹರಿದ ಫೋಮಿನಲ್ಲೇ ವರ್ಷಗಟ್ಟಲೆ ಬಾರಿಸಿದ್ದರೆ ಕೋನ್ ಅಡ್ಡಾದಿಡ್ಡಿ ಕುಣಿದು ಅದಕ್ಕೆ ಅಂಟಿದ ಒಳಗಿನ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್ ಉಜ್ಜಿ ಹಾಳಾಗಿರಬಹುದು. ಅದನ್ನು ಹಿಡಿಯಲು ಈ ಪರೀಕ್ಷೆ: ಎರಡೂ ಕೈಯ ಬೆರಳುಗಳನ್ನು ಹರಡಿ, ಡಸ್ಟ್ ಕ್ಯಾಪ್ ಬಿಟ್ಟು ಅದರ ಸುತ್ತಲಿನ ಕೋನ್ ಮೇಲೆ ಎದುರುಬದುರಾಗಿ ಇಡಿ. ಅರ್ಧ ಸೆಂಟಿಮೀಟರಿನಷ್ಟು ನೇರವಾಗಿ, ಸಮನಾಗಿ ಒಳಗೆ ಒತ್ತಿ ಬಿಡಿ. ಕಿವಿ ಹತ್ತಿರವಿರಲಿ. ಮರಳು ಉಜ್ಜಿದಂಥ ಕರಕರ ಸದ್ದೋ ತಡೆಯೋ ಸಿಕ್ಕಿದರೆ ಕಾಯಿಲ್ ಉಜ್ಜುತ್ತಿದೆ. ಓರೆಯಾಗಿ ಒತ್ತಿದರೆ ಚೆನ್ನಾಗಿರುವ ಡ್ರೈವರೂ ಉಜ್ಜುತ್ತದೆ, ಆದ್ದರಿಂದ ಎರಡು-ಮೂರು ಸಲ ನೋಡಿ. ಕೋನ್ ಸ್ವಲ್ಪವೂ ಅಲುಗದಿದ್ದರೆ ಕಾಯಿಲ್ ಸುಟ್ಟು ಅಂಟಿಕೊಂಡಿದೆ, ಇಲ್ಲವೇ ಪೆಟ್ಟಿಗೆ ಎಲ್ಲೋ ಬಿದ್ದು ಮ್ಯಾಗ್ನೆಟ್ ಅಂಟು ಬಿಟ್ಟು ಜರುಗಿದೆ. ಎರಡನೆಯದು ಕೊರಿಯರಿನಲ್ಲಿ ಬಂದ ಸ್ಪೀಕರುಗಳಲ್ಲಿ ಆಗುವ ತೊಂದರೆ.

ಇದೇ ಒತ್ತು ಪೆಟ್ಟಿಗೆಯ ಗಾಳಿ ಸೋರುವುದನ್ನೂ ಹೇಳುತ್ತದೆ. ಎಆರ್‌ನಂಥ ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಕೋನ್ ಒತ್ತಿ ಒಂದು ಕ್ಷಣ ಹಿಡಿದು ಬಿಟ್ಟರೆ ಅದು ನಿಧಾನವಾಗಿ ಮೇಲೆ ಬರಬೇಕು. ಪಟ್ಟನೆ ಮರಳಿದರೆ ಎಲ್ಲೋ ಸೋರುತ್ತಿದೆ. ಸೆಲೆಷನ್ ಡಿಟನ್ 15ರಲ್ಲಿ ಕಾಯಿಲ್ ಇಲ್ಲದ ಎರಡನೆಯ ಕೋನ್ ಇದೆ. ವೂಫರ್ ಒಳಗೆ ಒತ್ತಿದಾಗ ಅದು ಹೊರಗೆ ಬರಬೇಕು.

ಡೋಮ್ ಟ್ವೀಟರನ್ನು ಬೆರಳಿಂದ ಒತ್ತಲೇಬಾರದು. ಬಟ್ಟೆಯ ಡೋಮ್ ಒಳಗೆ ಕುಸಿದಿದ್ದರೆ ಟೇಪಿನಿಂದ ಮೆಲ್ಲಗೆ ಎಳೆದು ಸರಿಮಾಡಬಹುದು, ಸಾಮಾನ್ಯವಾಗಿ ಧ್ವನಿಗೆ ತೊಂದರೆಯಿಲ್ಲ. ಲೋಹದ ಡೋಮ್ ಕುಸಿದರೆ ಮಡಿಕೆ ಉಳಿಯುತ್ತದೆ. ಬೆರಿಲಿಯಂ ಡೋಮ್ ಬಿರುಕು ಬಿಟ್ಟಿದ್ದರೆ ಮುಟ್ಟಬೇಡಿ, ಅದರ ಪುಡಿ ಶ್ವಾಸಕೋಶಕ್ಕೆ ವಿಷ.

ಮೀಟರು, ಸೆಲ್ಲು, ಕಿವಿ

ವೈರ್ ಕಳಚಿ ಟರ್ಮಿನಲ್ ಮೇಲೆ ಮಲ್ಟಿಮೀಟರ್ ಇಡಿ. 8 ಓಮ್ ಎಂದು ಬರೆದ ಸ್ಪೀಕರ್ 5.5ರಿಂದ 7 ಓಮ್, 4 ಓಮಿನದು 3ರಿಂದ 3.7 ಓಮ್ ತೋರಿಸುವುದು ಸಹಜ. ಲೇಬಲಿನಲ್ಲಿರುವುದು ಎಸಿಯ ಇಂಪೀಡೆನ್ಸ್, ಮೀಟರ್ ಅಳೆಯುವುದು ಡಿಸಿಯ ರೆಸಿಸ್ಟೆನ್ಸ್, ಅದಕ್ಕೇ ವ್ಯತ್ಯಾಸ. ಎಡ-ಬಲದ ನಡುವೆ ಅರ್ಧ ಓಮಿಗಿಂತ ಹೆಚ್ಚು ಅಂತರವಿದ್ದರೆ ಕಾರಣ ಹುಡುಕಿ. ಏನೂ ತೋರಿಸದಿದ್ದರೆ ವೂಫರ್ ಸುಟ್ಟಿರಬಹುದು ಅಥವಾ ಒಳಗೆ ಬೆಸುಗೆ ಬಿಟ್ಟಿರಬಹುದು.

ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಮೀಟರ್ ಸರಿ ತೋರಿಸಿತು, ಎಲ್ಲ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಟರ್ಮಿನಲಿನಿಂದ ಅಳೆದಾಗ ಸಿಗುವುದು ವೂಫರಿನ ಸುದ್ದಿ ಮಾತ್ರ. ಟ್ವೀಟರಿನ ದಾರಿಯಲ್ಲಿ ಕೆಪಾಸಿಟರ್ ಕೂತಿದೆ, ಅದು ಡಿಸಿಯನ್ನು ಬಿಡುವುದೇ ಇಲ್ಲ. ಟ್ವೀಟರ್ ಸತ್ತು ಹತ್ತು ವರ್ಷವಾಗಿದ್ದರೂ ಮೀಟರ್ ಅದೇ 6 ಓಮ್ ಹೇಳುತ್ತದೆ.

ಸೆಲ್ ಪರೀಕ್ಷೆ: 1.5 ವೋಲ್ಟ್ ಸೆಲ್ಲಿನ ಪ್ಲಸ್ಸನ್ನು ಕೆಂಪಿಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿ. ವೂಫರ್ ಮುಂದಕ್ಕೆ ಬರಬೇಕು, ಎರಡೂ ಪೆಟ್ಟಿಗೆಯಲ್ಲಿ ಒಂದೇ ದಿಕ್ಕಿಗೆ. ಹಳೆಯ ಜೆಬಿಎಲ್‌ನಲ್ಲಿ ಹಿಂದಕ್ಕೆ ಹೋದರೆ ಗಾಬರಿ ಬೇಡ. ಆ ಕಂಪನಿ ಬಹಳ ಕಾಲ ಉಲ್ಟಾ ಪೋಲಾರಿಟಿಯನ್ನೇ ಪಾಲಿಸುತ್ತಿತ್ತು. ಎರಡೂ ಹಿಂದಕ್ಕೆ ಹೋದರೆ ಸರಿ. ಒಂದು ಮುಂದಕ್ಕೆ ಒಂದು ಹಿಂದಕ್ಕೆ ಹೋದರೆ ಯಾರೋ ಒಳಗೆ ವೈರ್ ಅದಲುಬದಲು ಮಾಡಿದ್ದಾರೆ.

ಈಗ ಕೇಳುವುದು. ಒಂದೊಂದೇ ಸ್ಪೀಕರನ್ನು, ಕಡಿಮೆ ವಾಲ್ಯೂಮಿನಲ್ಲಿ, ಟೋನ್ ಗುಂಡಿಗಳನ್ನು ನಡುವೆ ಇಟ್ಟು ಕೇಳಿ. ಪಿಂಕ್ ನಾಯ್ಸ್ ಹಾಕಿ ರಟ್ಟಿನ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಪ್ರತಿ ಡ್ರೈವರಿನ ಮುಂದೆಯೂ ಹಿಡಿಯಿರಿ. ಟ್ವೀಟರ್ ಬದುಕಿದೆಯೋ ಇಲ್ಲವೋ ಆಗ ಸ್ಪಷ್ಟ. ವೂಫರಿಗೆ ಟೋನ್ ಆಪಿನಲ್ಲಿ 200 ಹರ್ಟ್ಸಿನಿಂದ 30ರ ತನಕ ನಿಧಾನವಾಗಿ ಇಳಿಸಿ. ಒಂದು ಕಡೆ ಝರ್ರ್ ಎಂದರೆ ಡಸ್ಟ್ ಕ್ಯಾಪ್ ಬಿಟ್ಟಿದೆ, ಕಾಯಿಲ್ ಉಜ್ಜುತ್ತಿದೆ ಅಥವಾ ಪೆಟ್ಟಿಗೆಯ ಕೀಲು ಸಡಿಲ. ಮೇಲಿನ ಆವರ್ತನದ ಶುದ್ಧ ಟೋನನ್ನು ಜೋರಾಗಿ ಹಾಕಬೇಡಿ. ಹಾಡಿನಲ್ಲಿ ಟ್ವೀಟರಿಗೆ ಹೋಗುವ ಶಕ್ತಿ ಬಹಳ ಕಡಿಮೆ. ನಿರಂತರ ಟೋನ್ ಕೆಲವೇ ಸೆಕೆಂಡಿನಲ್ಲಿ ಅದರ ಕಾಯಿಲ್ ಸುಡಬಲ್ಲದು. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ಮೊನೋದಲ್ಲಿ ಹಾಡಿಸಿ. ಹಾಡುವವರ ದನಿ ಎರಡರ ನಟ್ಟನಡುವೆ ನಿಲ್ಲಬೇಕು. ಒಂದು ಕಡೆ ಮಂಕಾದರೆ ಆ ಪೆಟ್ಟಿಗೆಯ ಮೇಲ್ದನಿ ಬರುವುದು ಕಡಿಮೆಯಾಗಿದೆ.

ಪೆಟ್ಟಿಗೆಯ ಮುಂದೆಯೋ ಹಿಂದೆಯೋ ಟ್ರೆಬಲ್, ಮಿಡ್ ಎಂಬ ತಿರುಪು ಗುಂಡಿ ಇದ್ದರೆ ಟ್ವೀಟರ್ ಸತ್ತಿದೆ ಎನ್ನುವ ಮುಂಚೆ ಅದನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಸಲ ತಿರುಗಿಸಿ. ಎಆರ್-3ಎಯಲ್ಲಿ ಇದು ಪ್ರಸಿದ್ಧ ಕಾಯಿಲೆ. ಗುಂಡಿಯ ಒಳಗಿನ ಪಾಟ್ (ತಿರುಗಿಸಿ ತಡೆ ಬದಲಾಯಿಸುವ ರೆಸಿಸ್ಟರ್) ಕಿಲುಬು ಹಿಡಿದು ಮಿಡ್ ಮತ್ತು ಟ್ವೀಟರ್ ಎರಡನ್ನೂ ಮೌನವಾಗಿಸುತ್ತದೆ. ತಿರುಗಿಸುವಾಗ ಕರಕರ ಎಂದು ದನಿ ಬಂದು ಹೋದರೆ ಟ್ವೀಟರ್ ಜೀವಂತ ಎಂದರ್ಥ, ಬೆಲೆ ಮಾತ್ರ ಸತ್ತ ಟ್ವೀಟರಿನದ್ದೇ ಮಾತಾಡಬಹುದು.

ಕ್ರಾಸ್‌ಓವರ್ ಏನು ಮಾಡುತ್ತದೆ

ವೂಫರ್ ತೆಳು ದನಿಯನ್ನು ಚೆನ್ನಾಗಿ ನುಡಿಸಲಾರದು. ಟ್ವೀಟರಿಗೆ ದಪ್ಪ ದನಿ ಹೋದರೆ ಅದು ಉಳಿಯುವುದಿಲ್ಲ. ಬಂದ ಸಿಗ್ನಲನ್ನು ಪಾಲು ಮಾಡಿ ಅವರವರದ್ದನ್ನು ಅವರವರಿಗೆ ಕಳಿಸುವುದು ಕ್ರಾಸ್‌ಓವರ್. ಅದರಲ್ಲಿರುವುದು ಮೂರೇ ಬಗೆಯ ಸಾಮಾನು. ಕೆಪಾಸಿಟರ್: ಆವರ್ತನ ಏರಿದಷ್ಟೂ ಸಲೀಸಾಗಿ ದಾರಿ ಕೊಡುತ್ತದೆ. ಕಾಯಿಲ್ (ಡ್ರೈವರಿನ ವಾಯ್ಸ್ ಕಾಯಿಲ್ ಅಲ್ಲ, ಬೋರ್ಡಿನ ಮೇಲಿನ ತಂತಿಸುರುಳಿ): ಆವರ್ತನ ಏರಿದಷ್ಟೂ ತಡೆಯುತ್ತದೆ. ರೆಸಿಸ್ಟರ್: ಎಲ್ಲವನ್ನೂ ಒಂದೇ ಸಮ ತಗ್ಗಿಸುತ್ತದೆ.

ಲೆಕ್ಕ ಹೀಗೆ. 8 ಓಮಿನ ಟ್ವೀಟರನ್ನು 3000 ಹರ್ಟ್ಸಿನಲ್ಲಿ ಕತ್ತರಿಸಬೇಕು, ಅಂದರೆ ಅಲ್ಲಿಂದ ಕೆಳಗಿನ ದನಿ ಅದಕ್ಕೆ ಹೋಗದಂತೆ ತಗ್ಗಿಸಬೇಕು. 1ನ್ನು (2 × 3.1416 × 3000 × 8) ಇಂದ ಭಾಗಿಸಿದರೆ 6.63 ಮೈಕ್ರೋಫ್ಯಾರಡ್. ಅದೇ ಜಾಗದಲ್ಲಿ ವೂಫರನ್ನು ತಡೆಯಲು 8ನ್ನು (2 × 3.1416 × 3000) ಇಂದ ಭಾಗಿಸಿದರೆ 0.42 ಮಿಲಿಹೆನ್ರಿ. ಒಂದೇ ಕೆಪಾಸಿಟರ್ ಇದ್ದರೆ ಆವರ್ತನ ಅರ್ಧಕ್ಕೆ ಇಳಿದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಜೊತೆಗೆ ಟ್ವೀಟರಿಗೆ ಅಡ್ಡಲಾಗಿ ಒಂದು ಕಾಯಿಲ್ ಸೇರಿದರೆ 12, ಮೂರು ಸಾಮಾನಿಗೆ 18 ಡೆಸಿಬೆಲ್. 12 ಡೆಸಿಬೆಲ್ ವಿನ್ಯಾಸದಲ್ಲಿ ವೂಫರಿಗೂ ಟ್ವೀಟರಿಗೂ 180 ಡಿಗ್ರಿ ಅಂತರ ಬರುವುದರಿಂದ ಟ್ವೀಟರಿನ ಪ್ಲಸ್-ಮೈನಸ್ಸನ್ನು ಕಾರ್ಖಾನೆಯಲ್ಲೇ ಎಷ್ಟೋ ಸಲ ಉಲ್ಟಾ ಹಾಕಿರುತ್ತಾರೆ. ಅದನ್ನು ತಪ್ಪು ಎಂದುಕೊಂಡು ಸರಿಮಾಡಿದರೆ ಕ್ರಾಸ್‌ಓವರ್ ಆವರ್ತನದ ಜಾಗದಲ್ಲಿ ದನಿಗೆ ತಗ್ಗು ಬೀಳುತ್ತದೆ.

ಈಗ ಅದೇ 6.63 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ ವಯಸ್ಸಾಯಿತು ಎನ್ನಿ. ಅದರ ಮೌಲ್ಯ ಜರುಗಿ 9 ಆದರೆ ಕತ್ತರಿಸುವ ಜಾಗ 2210 ಹರ್ಟ್ಸಿಗೆ ಇಳಿಯುತ್ತದೆ. ಟ್ವೀಟರ್ ತನಗೆ ತಡೆಯದ ಭಾರ ಹೊರುತ್ತದೆ. 5ಕ್ಕೆ ಇಳಿದರೆ ಜಾಗ 3980ಕ್ಕೆ ಏರಿ, ವೂಫರಿಗೂ ಟ್ವೀಟರಿಗೂ ನಡುವೆ ತೆರಪು. ಮೌಲ್ಯ ಸರಿಯಿದ್ದು ಒಳಗಿನ ತಡೆ, ಅಂದರೆ ಇಎಸ್‌ಆರ್, 2 ಓಮಿಗೆ ಏರಿದ್ದರೆ 8 ಓಮಿನ ಟ್ವೀಟರ್ ಸುಮಾರು 2 ಡೆಸಿಬೆಲ್ ಮಂಕಾಗುತ್ತದೆ. ಹಳೆಯ ಸ್ಪೀಕರ್ ಅಂದರೆ ಮೆತ್ತನೆಯ, ಬೆಚ್ಚನೆಯ ದನಿ ಎಂಬ ಮಾತಿನಲ್ಲಿ ಒಂದಷ್ಟು ಪಾಲು ಒಣಗಿದ ಕೆಪಾಸಿಟರಿನದ್ದು.

ಆದರೆ ಮೇಲಿನ ಲೆಕ್ಕ ಪುಸ್ತಕದ್ದು. ನಿಜವಾದ ವೂಫರ್ 3000 ಹರ್ಟ್ಸಿನಲ್ಲಿ 8 ಓಮ್ ಇರುವುದಿಲ್ಲ. ಅದರ ಕಾಯಿಲಿನದ್ದೇ ಇಂಡಕ್ಟೆನ್ಸ್ ಸೇರಿ 12, 15, ಇನ್ನೂ ಹೆಚ್ಚಾಗಿರಬಹುದು. ಒಳ್ಳೆಯ ವಿನ್ಯಾಸಕಾರರು ಆಯಾ ಡ್ರೈವರನ್ನು ಆಯಾ ಪೆಟ್ಟಿಗೆಯಲ್ಲಿಟ್ಟು ಅಳೆದು ಮೌಲ್ಯಗಳನ್ನು ನಿರ್ಧರಿಸಿದವರು. ಜೆಬಿಎಲ್ ಎಲ್100 ನೋಡಿ: ಮಿಡ್ಡಿಗೆ 8 ಮೈಕ್ರೋಫ್ಯಾರಡ್, ಟ್ವೀಟರಿಗೆ 3 ಮೈಕ್ರೋಫ್ಯಾರಡ್, ಎರಡು ತಿರುಪು ಗುಂಡಿ. 12 ಇಂಚಿನ ವೂಫರಿಗೆ ಕ್ರಾಸ್‌ಓವರಿನಲ್ಲಿ ಕಾಯಿಲ್ಲೇ ಇಲ್ಲ, ನೇರ ಸಂಪರ್ಕ. ಆ ವೂಫರ್ ಮೇಲೆ ಹೋದಂತೆ ತಾನಾಗಿ ಇಳಿಯುವುದನ್ನೇ ನಂಬಿ ಮಾಡಿದ ವಿನ್ಯಾಸ ಅದು. ಅದಕ್ಕೆ ಬೇರೆ 12 ಇಂಚಿನ ವೂಫರ್ ಹಾಕಿದರೆ ನಂಬಿದ್ದೇ ಹೋಯಿತು. ಇನ್ನೊಂದು ತುದಿಯಲ್ಲಿ 15 ಓಮಿನ ಎಲ್‌ಎಸ್3/5ಎ: 5 ಇಂಚಿನ ಕೆಇಎಫ್ ಬಿ110 ವೂಫರ್, ಟಿ27 ಟ್ವೀಟರ್, 3000 ಹರ್ಟ್ಸಿನ ಆಸುಪಾಸಿನಲ್ಲಿ ಕತ್ತರಿ. ಇಷ್ಟು ಸಣ್ಣ ಪೆಟ್ಟಿಗೆಯ ಕ್ರಾಸ್‌ಓವರ್ ಬೋರ್ಡಿನ ತುಂಬ ಸಾಮಾನು, ಟ್ವೀಟರಿನ ಮಟ್ಟ ಹೊಂದಿಸಲು ಹಲವು ಟ್ಯಾಪ್ ಇರುವ ಆಟೋಟ್ರಾನ್ಸ್‌ಫಾರ್ಮರ್ ಬೇರೆ.

ಇದರಿಂದ ಎರಡು ಮಾತು ಸ್ಪಷ್ಟ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲೋ ಸಿಗುವ ರೆಡಿಮೇಡ್ 2-ವೇ, 3-ವೇ ಬೋರ್ಡ್ ಹಳೆಯ ಸ್ಪೀಕರಿಗೆ ಹೊಂದುವುದಿಲ್ಲ. ಅದರ ಮೇಲೆ ಎಷ್ಟೇ ದಪ್ಪ ಕಾಯಿಲ್ ಇರಲಿ, ಅದು ನಿಮ್ಮ ಡ್ರೈವರನ್ನು ನೋಡಿ ಮಾಡಿದ್ದಲ್ಲ. ಎರಡನೆಯದು, ನಿಮ್ಮ ಕೆಲಸ ಕ್ರಾಸ್‌ಓವರನ್ನು ಮೇಲ್ದರ್ಜೆಗೆ ಏರಿಸುವುದಲ್ಲ, ಅದು ಕಾರ್ಖಾನೆಯಿಂದ ಹೊರಟ ದಿನದ ಮೌಲ್ಯಗಳಿಗೆ ಮರಳಿಸುವುದು.

ಬಿಚ್ಚಿ ಅಳೆಯುವುದು

ಒಂದು ಸಲಕ್ಕೆ ಒಂದೇ ಪೆಟ್ಟಿಗೆ ಬಿಚ್ಚಿ. ಇನ್ನೊಂದು ಹಾಗೇ ಇದ್ದರೆ ವೈರಿಂಗಿಗೂ ಕಿವಿಗೂ ಅದೇ ಆಧಾರ. ಪೆಟ್ಟಿಗೆಯನ್ನು ಬೆನ್ನ ಮೇಲೆ ಮಲಗಿಸಿ ವೂಫರ್ ಸ್ಕ್ರೂಗಳನ್ನು ಎದುರುಬದುರಾಗಿ ಸಡಿಲಿಸಿ. ಡ್ರೈವರ್ ಹಳೆಯ ಅಂಟಿಗೆ ಹಿಡಿದಿದ್ದರೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ; ಮ್ಯಾಗ್ನೆಟ್ ಆ ಲೋಹವನ್ನು ಎಳೆದುಕೊಂಡು ಕೋನಿಗೆ ತೂತು ಬೀಳುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಸುತ್ತಲೂ ಸ್ವಲ್ಪಸ್ವಲ್ಪ ಎಬ್ಬಿಸಿ. ಎಆರ್‌ನಲ್ಲಿ ಪುಟ್ಟಿಯಂಥ ಸೀಲ್ ಇರುತ್ತದೆ, ಹೇರ್ ಡ್ರೈಯರ್ ಬಿಸಿಗೆ ಮೆತ್ತಗಾಗುತ್ತದೆ. ಒಳಗಿನ ಹಳದಿ ಗ್ಲಾಸ್‌ವುಲ್ ಕೈ-ಗಂಟಲು ತುರಿಸುತ್ತದೆ. ಗ್ಲೌಸ್, ಮಾಸ್ಕ್ ಹಾಕಿ. ತೆಗೆದಷ್ಟನ್ನೇ ಮತ್ತೆ ತುಂಬಬೇಕು, ಮುಚ್ಚಿದ ಪೆಟ್ಟಿಗೆಯ ಬೇಸ್ ಅದರ ಮೇಲೂ ನಿಂತಿದೆ.

ಯಾವ ವೈರ್ ಕಳಚುವ ಮೊದಲೂ ಫೋಟೋ ತೆಗೆಯಿರಿ, ವೈರಿಗೆ ಟೇಪ್ ಅಂಟಿಸಿ ಹೆಸರು ಬರೆಯಿರಿ. ಡ್ರೈವರ್‌ಗಳನ್ನು ಕಳಚಿ ಒಂದೊಂದರ ಓಮ್ ನೇರವಾಗಿ ಅಳೆಯಿರಿ. ಟ್ವೀಟರಿನ ನಿಜವಾದ ಸ್ಥಿತಿ ತಿಳಿಯುವುದು ಈಗ. 1980ರ ದಶಕದ ಹಲವು ಟ್ವೀಟರುಗಳಲ್ಲಿ ಫೆರೋಫ್ಲೂಯಿಡ್ ಎಂಬ ಕಾಂತೀಯ ಎಣ್ಣೆ ಇರುತ್ತದೆ. ಅದು ಒಣಗಿ ಅಂಟಾದರೆ ಓಮ್ ಸರಿಯಿದ್ದೂ ದನಿ ಮಂಕು. ಕೆಪಾಸಿಟರ್ ಬದಲಾಯಿಸಿದ ಮೇಲೂ ಮಂಕು ಹೋಗದಿದ್ದರೆ ಇದನ್ನು ಶಂಕಿಸಿ.

ಕೆಪಾಸಿಟರನ್ನು ಬೋರ್ಡಿನಲ್ಲಿದ್ದಂತೆಯೇ ಅಳೆದರೆ ಪಕ್ಕದ ಕಾಯಿಲ್, ರೆಸಿಸ್ಟರ್ ಸೇರಿ ತಪ್ಪು ಸಂಖ್ಯೆ ಬರುತ್ತದೆ. ಒಂದು ಕಾಲಿನ ಬೆಸುಗೆ ಬಿಡಿಸಿ ಎತ್ತಿ ಅಳೆಯಬೇಕು. ಮಲ್ಟಿಮೀಟರಿನ ಕೆಪಾಸಿಟೆನ್ಸ್ ರೇಂಜ್ ಮೌಲ್ಯ ಹೇಳುತ್ತದೆ. ಇಎಸ್‌ಆರ್ ಬೇಕಾದರೆ ಎಲ್‌ಸಿಆರ್ ಮೀಟರ್ ಇರಲಿ, ಈ ಕೆಲಸಕ್ಕೆ ಅದು ಕೊಳ್ಳಲು ಯೋಗ್ಯ. ನಾನ್‌ಪೋಲಾರ್ (ಪ್ಲಸ್-ಮೈನಸ್ ಭೇದವಿಲ್ಲದ) ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಅದರ ಮೇಲೆ ಬರೆದ ಮೌಲ್ಯದಿಂದ ಶೇ. 10ರ ಒಳಗಿದ್ದು, ಇಎಸ್‌ಆರ್ ಅರ್ಧ ಓಮಿಗಿಂತ ಕಡಿಮೆಯಿದ್ದು, ಎಡ-ಬಲ ಒಂದೇ ಥರ ಇದ್ದರೆ ಹಾಗೇ ಬಿಡಿ. ಫಿಲ್ಮ್ ಕೆಪಾಸಿಟರುಗಳು ಸಾಮಾನ್ಯವಾಗಿ ಕೆಡುವುದಿಲ್ಲ. ಮೈಮೇಲೆ ಮೈನಸ್ ಪಟ್ಟೆ ಇರುವ ಮಾಮೂಲಿ ಎಲೆಕ್ಟ್ರೋಲಿಟಿಕ್ ಕಂಡರೆ ಅದು ಯಾರೋ ಮಾಡಿದ ತಪ್ಪು ರಿಪೇರಿ, ತೆಗೆಯಲೇಬೇಕು.

ರೆಸಿಸ್ಟರಿನ ಮೈ ಕಪ್ಪಾಗಿದ್ದರೆ, ಶೇ. 10ಕ್ಕಿಂತ ಹೆಚ್ಚು ಜರುಗಿದ್ದರೆ ಅಷ್ಟೇ ವಾಟಿನ ವೈರ್‌ವೌಂಡ್ ಹಾಕಿ, ಬೋರ್ಡಿನಿಂದ ಕೆಲವು ಮಿಲಿಮೀಟರ್ ಎತ್ತಿ. ಕಾಯಿಲ್ ಕೆಡುವುದು ಅಪರೂಪ. ಅದನ್ನು ಮುಟ್ಟಬೇಡಿ. ಕಬ್ಬಿಣದ ಅಥವಾ ಫೆರೈಟ್ ಕೋರಿನ ಕಾಯಿಲ್ ಕೀಳು ಎಂದು ಕೇಳಿ ಅದರ ಬದಲು ಗಾಳಿ ಕೋರಿನದು ಹಾಕುವವರಿದ್ದಾರೆ. ಅಷ್ಟೇ ಮಿಲಿಹೆನ್ರಿಗೆ ಅದರಲ್ಲಿ ತಂತಿ ಉದ್ದ ಬೇಕು, ತಡೆ ಹೆಚ್ಚು. ವೂಫರಿನ ದಾರಿಯಲ್ಲಿ ಅರ್ಧ ಓಮ್ ಸೇರಿದರೂ ಬೇಸ್ ಸಡಿಲವಾಗುತ್ತದೆ. ಕಾಯಿಲನ್ನು ಬೇರೆ ಕಡೆ ಕೂರಿಸಲೇಬೇಕಾದರೆ ಪಕ್ಕದ ಕಾಯಿಲಿಗೆ ಲಂಬವಾಗಿ, ದೂರವಾಗಿ ಕೂರಿಸಿ, ನಡುವೆ ಕಬ್ಬಿಣದ ಸ್ಕ್ರೂ ಹಾಕಬೇಡಿ.

ಬದಲಾಯಿಸುವುದು

ಕೆಪಾಸಿಟರಿನ ಮೌಲ್ಯ ಮೂಲದ್ದೇ ಇರಲಿ, ಶೇ. 5ರ ಒಳಗೆ. ಎಡ-ಬಲದ ನಡುವೆ ಇನ್ನೂ ಹತ್ತಿರ, ಶೇ. 1-2. ಅಂಗಡಿಯಲ್ಲಿ ಬೇಕಾದ ಮೌಲ್ಯದ್ದು ಸಿಗದಿದ್ದರೆ ಎರಡನ್ನು ಸಮಾಂತರವಾಗಿ ಸೇರಿಸಿ, ಮೌಲ್ಯ ಕೂಡುತ್ತದೆ: 3.3 ಎರಡು ಸೇರಿ 6.6, 68ಕ್ಕೆ 3.9 ಸೇರಿ 71.9. ವೋಲ್ಟೇಜ್ 100 ಇರಲಿ. 8 ಓಮಿಗೆ 100 ವಾಟ್ ಅಂದರೆ 40 ವೋಲ್ಟ್ ಶಿಖರ, 50 ವೋಲ್ಟಿನದು ಅಂಚಿನಲ್ಲಿ ನಿಲ್ಲುತ್ತದೆ. ಮಾಮೂಲಿ ಎಲೆಕ್ಟ್ರೋಲಿಟಿಕ್ ಎರಡನ್ನು ಮೈನಸ್ಸಿಗೆ ಮೈನಸ್ ಬೆಸೆದು ನಾನ್‌ಪೋಲಾರ್ ಮಾಡುವ ಪದ್ಧತಿ ಅಂಗಡಿಗಳಲ್ಲಿದೆ. ತತ್ಕಾಲಕ್ಕೆ ನಡೆಯುತ್ತದೆ, ಬಹುಕಾಲಕ್ಕೆ ಬೇಡ. ಎನ್‌ಪಿ (ನಾನ್‌ಪೋಲಾರ್) ಅಥವಾ ಬಿಪಿ (ಬೈಪೋಲಾರ್) ಎಂದು ಮುದ್ರಿಸಿದ್ದನ್ನೇ ಕೇಳಿ.

ಫಿಲ್ಮ್ ಹಾಕಬೇಕೋ ಎಲೆಕ್ಟ್ರೋಲಿಟಿಕ್ಕೇ ಸಾಕೋ? ಎಆರ್-3ಎ ಉದಾಹರಣೆಗೆ ತೆಗೆದುಕೊಳ್ಳಿ. 4 ಓಮಿನ ಮೂರು ದಾರಿಯ ಸ್ಪೀಕರ್, 575 ಮತ್ತು 5000 ಹರ್ಟ್ಸಿನಲ್ಲಿ ಕತ್ತರಿ, ಒಳಗೆ 150, 50, 6 ಮೈಕ್ರೋಫ್ಯಾರಡಿನ ಕೆಪಾಸಿಟರುಗಳು. ಟ್ವೀಟರಿನ ದಾರಿಯ 6ಕ್ಕೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಫಿಲ್ಮ್ ಹಾಕಿ. ಬೆಲೆ ಕಡಿಮೆ, ಮತ್ತೆ ಬಿಚ್ಚಬೇಕಿಲ್ಲ. ವೂಫರಿಗೆ ಅಡ್ಡಲಾಗಿರುವ 150ಕ್ಕೆ ಫಿಲ್ಮ್ ಹುಡುಕಿದರೆ ಇಟ್ಟಿಗೆಯಷ್ಟು ದೊಡ್ಡದಾಗುತ್ತದೆ, ಖರ್ಚೂ ವಿಪರೀತ, ಕೇಳುವ ಲಾಭವಿಲ್ಲ. ಅಲ್ಲಿ ಒಳ್ಳೆಯ ನಾನ್‌ಪೋಲಾರ್ ಎಲೆಕ್ಟ್ರೋಲಿಟಿಕ್ಕೇ ಸರಿ. ನಡುವಿನ 50ಕ್ಕೂ ನನ್ನ ಆಯ್ಕೆ ಎಲೆಕ್ಟ್ರೋಲಿಟಿಕ್. ಅದರ ಪಾಟ್‌ಗಳನ್ನು ಬಿಚ್ಚಿ, ಕಿಲುಬನ್ನು ವಿನೆಗರಿನಲ್ಲಿ ನೆನೆಸಿ ಉಜ್ಜಿ, ನೀರಲ್ಲಿ ತೊಳೆದು ಒಣಗಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಮರಳಿ ಕೂರಿಸಬಹುದು. ತಂತಿಯೇ ತುಂಡಾಗಿದ್ದರೆ ಮಾತ್ರ ಬೇರೆಯದು ಹುಡುಕಿ.

ಫಿಲ್ಮಿಗೆ ಬದಲಾಯಿಸಿದ ಮೇಲೆ ಟ್ವೀಟರ್ ತುಸು ಮುಂದೆ ಬಂದಂತೆ, ಚುಚ್ಚಿದಂತೆ ಕೇಳಿದರೆ ಕಾರಣವಿದೆ. ಮೂಲ ಎಲೆಕ್ಟ್ರೋಲಿಟಿಕ್ ಹೊಸದಾಗಿದ್ದಾಗಲೂ ಅದಕ್ಕೆ ಒಂದಷ್ಟು ಇಎಸ್‌ಆರ್ ಇತ್ತು, ವಿನ್ಯಾಸಕಾರರು ಅದನ್ನೂ ಸೇರಿಸಿಯೇ ಕೇಳಿ ಒಪ್ಪಿದ್ದರು. ಫಿಲ್ಮಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. 0.33 ಅಥವಾ 0.47 ಓಮಿನ 5 ವಾಟ್ ರೆಸಿಸ್ಟರನ್ನು ಕೆಪಾಸಿಟರಿನ ಜೊತೆ ಸರಣಿಯಲ್ಲಿ ಬೆಸೆದರೆ ಮೂಲದ ಹದ ಮರಳುತ್ತದೆ. ಇದಕ್ಕಿಂತ ಹೆಚ್ಚು, 3 ಡೆಸಿಬೆಲ್‌ನಷ್ಟು ತಗ್ಗಿಸಬೇಕೆನಿಸಿದರೆ ತಪ್ಪು ಬೇರೆಲ್ಲೋ ಇದೆ. ದನಿ ತಗ್ಗಿಸುವ ಎಲ್-ಪ್ಯಾಡ್ ಹಾಕಿ ಅದನ್ನು ಮುಚ್ಚಿಹಾಕಬೇಡಿ, ವೈರಿಂಗ್ ಮತ್ತೆ ನೋಡಿ.

ಬೆಸೆಯುವಾಗ ಟ್ವೀಟರಿನ ಟರ್ಮಿನಲ್‌ಗೆ ಎರಡು-ಮೂರು ಸೆಕೆಂಡಿಗಿಂತ ಹೆಚ್ಚು ಬಿಸಿ ಕೊಡಬೇಡಿ. ಅದರ ಪ್ಲಾಸ್ಟಿಕ್ ಕರಗಿ ಒಳಗಿನ ಕೂದಲೆಳೆಯ ತಂತಿ ಹರಿಯುತ್ತದೆ. ಹೊಸ ಕೆಪಾಸಿಟರ್ ದೊಡ್ಡದಾದರೆ ಹಾಟ್ ಗ್ಲೂ ಜೊತೆ ಕೇಬಲ್ ಟೈ ಕೂಡ ಹಾಕಿ. ಪೆಟ್ಟಿಗೆಯೊಳಗೆ ಸಡಿಲವಾಗಿ ಬಿಟ್ಟದ್ದು ಅದುರಿ ಸದ್ದು ಮಾಡುತ್ತದೆ.

ಫೋಮ್ ಬದಲಾಯಿಸುವುದಿದ್ದರೆ ಅದನ್ನೂ ಈಗಲೇ ಮುಗಿಸಿ. ಕಿಟ್ ತರಿಸುವಾಗ ವೂಫರ್ ಎಷ್ಟು ಇಂಚು ಎಂಬುದಷ್ಟೇ ಸಾಲದು. ಕೋನಿನ ಹೊರ ವ್ಯಾಸ, ಚೌಕಟ್ಟಿನ ಅಂಟಿಸುವ ಜಾಗದ ಒಳ-ಹೊರ ವ್ಯಾಸ ಅಳೆದು ಕೊಡಿ. ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಯಿರಿ. ಮೊದಲು ಫೋಮನ್ನು ಕೋನಿಗೆ ಅಂಟಿಸಿ, ಒಂದು ರಾತ್ರಿ ಬಿಡಿ. ಆಮೇಲೆ ಚೌಕಟ್ಟಿಗೆ ಅಂಟಿಸುವಾಗ ವೂಫರಿಗೆ 30 ಹರ್ಟ್ಸಿನ ಟೋನನ್ನು ಅತಿ ಕಡಿಮೆ ವಾಲ್ಯೂಮಿನಲ್ಲಿ ಕೊಡಿ; ಕಾಯಿಲ್ ಉಜ್ಜುವ ಸದ್ದು ನಿಲ್ಲುವ ಜಾಗಕ್ಕೆ ಕೋನನ್ನು ಜರುಗಿಸಿ, ಅಂಟು ಹಿಡಿಯುವ ತನಕ ಸುತ್ತಲೂ ಬೆರಳಿಂದ ಒತ್ತುತ್ತಿರಿ. ರಬ್ಬರ್, ಬಟ್ಟೆಯ ಸರೌಂಡ್ ಚೆನ್ನಾಗಿದ್ದರೆ ಅವುಗಳನ್ನು ಕಿತ್ತು ಫೋಮ್ ಹಾಕಬೇಡಿ. ವೂಫರಿನ ಅನುರಣನದ ಆವರ್ತನವೇ ಬದಲಾಗಿ ಪೆಟ್ಟಿಗೆಗೆ ಹೊಂದುವುದಿಲ್ಲ.

ಮುಚ್ಚುವ ಮುನ್ನ

ಪಾರ್ಟಿಕಲ್ ಬೋರ್ಡಿನ ಸ್ಕ್ರೂ ತೂತು ಸಡಿಲವಾಗಿದ್ದರೆ ಫೆವಿಕಾಲ್ ಸವರಿದ ಬೆಂಕಿಕಡ್ಡಿ ತುಂಬಿ ಒಣಗಿಸಿ, ಆಮೇಲೆ ಸ್ಕ್ರೂ ಹಾಕಿ. ಗ್ಯಾಸ್ಕೆಟ್ ಪುಡಿಯಾಗಿದ್ದರೆ ತೆಳು ಫೋಮ್ ಟೇಪ್ ಸಾಕು. ಮೀಟರಿನಲ್ಲಿ ಟರ್ಮಿನಲ್ ಓಮ್ ಮತ್ತೆ ನೋಡಿ: 1 ಓಮಿಗಿಂತ ಕಡಿಮೆ ಬಂದರೆ ಎಲ್ಲೋ ಶಾರ್ಟ್ ಆಗಿದೆ, ಆಂಪಿಗೆ ಜೋಡಿಸಬೇಡಿ.

ರಿಪೇರಿ ಆದದ್ದನ್ನೂ ಆಗದ್ದನ್ನೂ ಪಕ್ಕಪಕ್ಕ ಇಟ್ಟು ಮೊನೋದಲ್ಲಿ ಹೋಲಿಸಿ, ವ್ಯತ್ಯಾಸ ಬರೆದುಕೊಳ್ಳಿ, ಆಮೇಲೆ ಎರಡನೆಯದನ್ನು ಬಿಚ್ಚಿ. ಯುಎಸ್‌ಬಿ ಮೈಕ್ ಇದ್ದರೆ ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಎರಡೂ ಸ್ಪೀಕರನ್ನು ಸರದಿಯಲ್ಲಿ ಅದೇ ಜಾಗದಲ್ಲಿಟ್ಟು, ಒಂದು ಮೀಟರ್ ದೂರದಿಂದ ಅಳೆಯಿರಿ. 500 ಹರ್ಟ್ಸಿನಿಂದ ಮೇಲೆ ಎರಡು ಗೆರೆಗಳು 1-2 ಡೆಸಿಬೆಲ್ ಒಳಗೆ ಒಂದರ ಮೇಲೊಂದು ಕೂತರೆ ಕೆಲಸ ಮುಗಿಯಿತು. ಕ್ರಾಸ್‌ಓವರ್ ಜಾಗದಲ್ಲಿ ಒಂದಕ್ಕೆ ಮಾತ್ರ ಆಳವಾದ ತಗ್ಗು ಕಂಡರೆ ಆ ಪೆಟ್ಟಿಗೆಯ ಟ್ವೀಟರ್ ವೈರ್ ಉಲ್ಟಾ ಆಗಿದೆ.

ಆಂಪ್ ಆರಿಸುವಾಗ ಸ್ಪೀಕರಿನ ಸ್ವಭಾವ ನೆನಪಿರಲಿ. ಎಲ್‌ಎಸ್3/5ಎಯ ಸೆನ್ಸಿಟಿವಿಟಿ, ಅಂದರೆ ಕೊಟ್ಟ ಶಕ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ, 82-83 ಡೆಸಿಬೆಲ್ ಮಾತ್ರ, ಸಣ್ಣ ಕೋಣೆಗೆ ಸರಿ, ದೊಡ್ಡ ಹಾಲಿನಲ್ಲಿ ಜೋರು ಮಾಡಿದರೆ ಬಿ110 ಬಡಿದುಕೊಳ್ಳುತ್ತದೆ. ಎಆರ್-3ಎಗೆ 4 ಓಮ್ ತಡೆಯುವ, ಶಕ್ತಿಯಿರುವ ಆಂಪ್ ಬೇಕು. ಇಂಥವುಗಳಿಗೆ ಚಿಕ್ಕ ಆಂಪ್ ಹಾಕಿ ವಾಲ್ಯೂಮ್ ಪೂರ್ತಿ ತಿರುಗಿಸಿದಾಗ ಅದು ಕ್ಲಿಪ್ ಆಗಿ, ಅಂದರೆ ಅಲೆಯ ತುದಿ ಕತ್ತರಿಸಿಹೋಗಿ, ಆ ಕತ್ತರಿಸಿದ ಅಲೆಯ ಮೇಲ್ದನಿಯೆಲ್ಲ ಟ್ವೀಟರಿಗೆ ಹರಿಯುತ್ತದೆ. ಹಳೆಯ ಟ್ವೀಟರುಗಳು ಸುಟ್ಟ ಕಥೆಗಳಲ್ಲಿ ಬಹಳಷ್ಟು ಇದೇ.

ತೆಗೆದ ಹಳೆಯ ಕೆಪಾಸಿಟರ್, ರೆಸಿಸ್ಟರುಗಳನ್ನು ಬಿಸಾಡಬೇಡಿ. ಚೀಲದಲ್ಲಿ ಕಟ್ಟಿ, ಅವುಗಳ ಅಳತೆ, ಹೊಸದಾಗಿ ಹಾಕಿದ್ದರ ಮೌಲ್ಯ, ತಾರೀಕು ಬರೆದ ಚೀಟಿಯೊಂದಿಗೆ ಎತ್ತಿಡಿ. ಅದೇ ವಿವರವನ್ನು ಪೆನ್ಸಿಲಿನಲ್ಲಿ ಪೆಟ್ಟಿಗೆಯ ಒಳಗೋಡೆಯ ಮೇಲೂ ಬರೆದು ಮುಚ್ಚಿ. ಮುಂದೆ ಮಾರುವಾಗ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಗೆ ಅದೇ ಉತ್ತರ.